ನೂರಿಪ್ಪತ್ತು ಮೀಟರ್ ಎತ್ತರದ ಕೊರವಂಗಲ

ಆಷಾಢದ ನಡುಹಗಲು ಕೊರವಂಗಲದ ಹೊಲದ ಬದುವಿನ ಮೇಲೆ ನಿಂತರೆ ಮೊದಲು ಸದ್ದು ಮಾಡುವುದು ತೆಂಗಿನ ಗರಿ. ಪಡುವಣದಿಂದ ನುಗ್ಗುವ ಗಾಳಿಗೆ ಗರಿಗಳೆಲ್ಲ ಮೂಡಣಕ್ಕೆ ವಾಲಿಕೊಂಡಿರುತ್ತವೆ. ಒಂದು ಬೀಸು ಹೋಗಿ ಇನ್ನೊಂದು ಬೀಸು ಬರುವ ನಡುವೆ ತಲೆ ಎತ್ತಲು ನೋಡುತ್ತವೆ, ಅಷ್ಟರಲ್ಲಿ ಮತ್ತೆ ಗಾಳಿ. ಕೆಳಗೆ ಆಲೂಗಡ್ಡೆ ಸಾಲಿನ ಎಲೆಗಳು ಬೆನ್ನು ತೋರಿಸಿ ಬೆಳ್ಳಗೆ ಕಾಣುತ್ತವೆ. ನಾಲ್ಕು ಹನಿ ಬೀಳುತ್ತದೆ, ಮೋಡ ಓಡುತ್ತದೆ, ಬಿಸಿಲು ಬರುತ್ತದೆ, ಮತ್ತೆ ನಾಲ್ಕು ಹನಿ. ಊರಾಚೆಯ ಬಯಲಿನಲ್ಲಿ ಹುಡುಗರು ಬಿಟ್ಟ ಗಾಳಿಪಟ ಒಂದೇ ದಿಕ್ಕಿಗೆ ಎಳೆದುಕೊಂಡು ನಿಂತಿದೆ. ದನ ಹೊಡೆದುಕೊಂಡು ಬಂದ ಹಿರಿಯರೊಬ್ಬರು ತಲೆಯ ಟವೆಲ್ಲನ್ನು ಬಿಗಿ ಮಾಡಿಕೊಳ್ಳುತ್ತಾ, ‘ಈ ಗಾಳಿಗೆ ಮಳೆ ನಿಲ್ಲಲ್ಲ ಸಾರ್, ಮೋಡ ಎಲ್ಲ ಅರಸೀಕೆರೆ ಕಡೆ ಹೊಂಟೋಯ್ತವೆ’ ಎಂದರು. ರೈತನಿಗೆ ಈ ಗಾಳಿ ಮಳೆ ಕದಿಯುವ ಗಾಳಿ. ಆದರೆ ವಿದ್ಯುತ್ತಿನ ಲೆಕ್ಕ ಹಾಕುವವರು ವರ್ಷವಿಡೀ ಕಾಯುವುದು ಇದೇ ತಿಂಗಳುಗಳ ಗಾಳಿಗೆ.

ಹಾಸನದಿಂದ ಅರಸೀಕೆರೆಯ ದಾರಿ ಹಿಡಿದು ಹತ್ತು ಕಿಲೋಮೀಟರ್ ಬಂದರೆ ಕೊರವಂಗಲ. ಊರಿಗೆ ಹೆಸರು ತಂದದ್ದು ಬೂಚೇಶ್ವರ ದೇವಾಲಯ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ ನೆನಪಿಗೆ ಬೂಚಿರಾಜನೆಂಬವನು 1173ರಲ್ಲಿ ಕಟ್ಟಿಸಿದ್ದು. ಪಡುವಣ ಗರ್ಭಗುಡಿಯಲ್ಲಿ ಶಿವ, ಅದಕ್ಕೆ ಎದುರಾಗಿ ಮೂಡಣದಲ್ಲಿ ಸೂರ್ಯ. ಸೂರ್ಯನಿಗೊಂದು ಗುಡಿ ಹೊಯ್ಸಳ ನಾಡಿನಲ್ಲೂ ಅಪರೂಪವೇ. ಹೊರಗೋಡೆಯ ಶಿಲ್ಪಗಳನ್ನು ನೋಡುತ್ತಾ ಸುತ್ತು ಬರುವಾಗ ಪಡುವಣ ಮೂಲೆಯಲ್ಲಿ ಗಾಳಿ ಮುಖಕ್ಕೆ ಬಡಿಯುತ್ತದೆ. ಮೂಡಣ ಮಗ್ಗುಲಿಗೆ ಬಂದರೆ ಎಲ್ಲವೂ ಸ್ತಬ್ಧ, ಕಲ್ಲಿನ ಬಿಸುಪು ಮಾತ್ರ. ಒಂದೇ ಕಟ್ಟಡದ ಎರಡು ಮಗ್ಗುಲಿನಲ್ಲಿ ಗಾಳಿ ಹೀಗೆ ಬೇರೆಯಾದರೆ ಒಂದು ತೋಟ, ಒಂದು ದಿಣ್ಣೆ, ಒಂದು ಕೆರೆ ಏರಿಯ ಹಿಂದೆ ಮುಂದೆ ಎಷ್ಟು ಬೇರೆಯಾದೀತು? ಗಾಳಿ ಎಲ್ಲಿದೆ, ಎಷ್ಟಿದೆ, ಯಾವಾಗ ಇದೆ ಎಂದು ಅಳೆಯುವ ಕೆಲಸ ಶುರುವಾಗುವುದು ಈ ಪ್ರಶ್ನೆಯಿಂದ.

ಈ ಪಡುವಣ ಗಾಳಿ ಸ್ಥಳೀಯವಲ್ಲ. ಜೂನ್–ಜುಲೈಯಲ್ಲಿ ಅರಬ್ಬಿ ಸಮುದ್ರದ ಮೇಲೆ, ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ, ಗಾಳಿಯ ಹೊಳೆಯೊಂದು ಪಡುವಣದಿಂದ ಮೂಡಣಕ್ಕೆ ಹರಿಯುತ್ತದೆ. ಜುಲೈ ತಿಂಗಳಲ್ಲಿ ದಕ್ಷಿಣ ಭಾರತದ ಮೇಲೆ ಇಂಥ ಕೆಳಮಟ್ಟದ ಗಾಳಿಯ ಪ್ರವಾಹ ಇದೆಯೆಂದು 1966ರಲ್ಲೇ ಪಿ.ವಿ. ಜೋಸೆಫ್ ಮತ್ತು ಪಿ.ಎಲ್. ರಾಮನ್ ಎಂಬ ನಮ್ಮ ಹವಾಮಾನ ವಿಜ್ಞಾನಿಗಳು ತೋರಿಸಿಕೊಟ್ಟಿದ್ದರು. ಈ ಪ್ರವಾಹ ಪಶ್ಚಿಮ ಘಟ್ಟಕ್ಕೆ ಬಡಿದು, ಸಕಲೇಶಪುರದ ಸುತ್ತ ಮಳೆ ಸುರಿಸಿ, ಹಗುರಾಗಿ ಹಾಸನದ ಬಯಲಿಗೆ ಇಳಿಯುತ್ತದೆ. ಹಾಸನದಲ್ಲಿ ಬೀಳುವ ಮಳೆ ಸಕಲೇಶಪುರದ ಅರ್ಧಕ್ಕಿಂತ ಕಡಿಮೆ. ಮಳೆ ಕಳೆದುಕೊಂಡರೂ ಗಾಳಿ ತನ್ನ ಓಟ ಬಿಡುವುದಿಲ್ಲ. ಸುಮಾರು 950 ಮೀಟರ್ ಎತ್ತರದ ಮೈದಾನದ ಮೇಲೆ ನಿಂತಿರುವ ನಾವು ಆ ಪ್ರವಾಹದ ತಳಕ್ಕೆ ತೀರಾ ಹತ್ತಿರದಲ್ಲಿದ್ದೇವೆ.

ನೆಲದ ಮೇಲೆ ನಿಂತ ನಮಗೆ ಸಿಗುವುದು ಆ ಗಾಳಿಯ ಅಂಚು ಮಾತ್ರ. ಮನೆ, ಮರ, ಬೇಲಿ, ಬೆಳೆ, ಎಲ್ಲವೂ ಗಾಳಿಯ ಕಾಲು ಹಿಡಿದು ಎಳೆಯುತ್ತವೆ. ಮೇಲೆ ಹೋದಷ್ಟೂ ಹಿಡಿತ ಸಡಿಲ. ಬಯಲು ನೆಲಕ್ಕೆ ಸಾಮಾನ್ಯವಾಗಿ ಬಳಸುವ ಸೂತ್ರದ ಪ್ರಕಾರ 10 ಮೀಟರ್ ಎತ್ತರದಲ್ಲಿ ಸೆಕೆಂಡಿಗೆ 4 ಮೀಟರ್ ಇರುವ ಗಾಳಿ 120 ಮೀಟರ್ ಎತ್ತರದಲ್ಲಿ 5.7 ಮೀಟರ್ ಆಗುತ್ತದೆ. ತೆಂಗಿನ ತೋಟ ದಟ್ಟವಾಗಿದ್ದಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ಒಂದೂ ಮುಕ್ಕಾಲು ಮೀಟರ್ ಹೆಚ್ಚಾದರೆ ಏನು ಮಹಾ ಎನ್ನಬೇಡಿ. ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟು. ಮೇಲಿನ ಲೆಕ್ಕದಲ್ಲಿ ಹತ್ತು ಮೀಟರಿನ ಗಾಳಿಗಿಂತ ನೂರಿಪ್ಪತ್ತು ಮೀಟರಿನ ಗಾಳಿಯಲ್ಲಿ ಹೆಚ್ಚುಕಡಿಮೆ ಮೂರರಷ್ಟು ಶಕ್ತಿ ಇದೆ. ನೂರಿಪ್ಪತ್ತು ಮೀಟರ್ ಎಂದರೆ ಹಳೆಯ ತೆಂಗಿನ ಮರಗಳನ್ನು ಒಂದರ ಮೇಲೊಂದು ಐದಾರು ನಿಲ್ಲಿಸಿದಷ್ಟು. ಬದುವಿನ ಮೇಲೆ ನಿಂತು ನಾವು ನೋಡಿದ ಕೊರವಂಗಲದ ಮೇಲೆ ನಾವಾರೂ ಕಾಣದ ಇನ್ನೊಂದು ಕೊರವಂಗಲವಿದೆ.

ಹಾಗೆಂದು ಎತ್ತರದ ನಾಡೆಲ್ಲ ಲಾಭವೇ ಎಂದೂ ಅಲ್ಲ. ಹಾಸನದ ಎತ್ತರದಲ್ಲಿ ಗಾಳಿ ತೆಳು. ಇಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.06 ಕಿಲೋ, ಅಷ್ಟೇ ಸೆಕೆಯ ಕಡಲ ದಂಡೆಗಿಂತ ಹತ್ತನೇ ಒಂದು ಪಾಲು ಕಡಿಮೆ. ತೂಕ ತಗ್ಗಿದಷ್ಟೂ ಗಾಳಿಯಂತ್ರದ ರೆಕ್ಕೆಗೆ ಬೀಳುವ ಬಲ ತಗ್ಗುತ್ತದೆ. ಜೊತೆಗೆ, ಬಂದ ಗಾಳಿಯ ಶಕ್ತಿಯಲ್ಲಿ ಶೇ 59.3ಕ್ಕಿಂತ ಹೆಚ್ಚನ್ನು ಯಾವ ಯಂತ್ರವೂ ಹಿಡಿಯಲಾರದು ಎಂಬುದು ಜರ್ಮನಿಯ ಆಲ್ಬರ್ಟ್ ಬೆಟ್ಜ್ ಹಾಕಿಕೊಟ್ಟ ಮಿತಿ. ನಿಜವಾದ ಯಂತ್ರಗಳು ಅದರ ಒಳಗೇ ಉಳಿಯುತ್ತವೆ.

ಈ ದೇಶದ ಗಾಳಿಯನ್ನು ಊರೂರಿನಲ್ಲಿ ಕಂಬ ನೆಟ್ಟು ಅಳೆಯಬೇಕು ಎಂದು ಹಟ ಹಿಡಿದು ಮಾಡಿಸಿದವರು ಅನ್ನಾ ಮಣಿ. 1918ರಲ್ಲಿ ಕೇರಳದ ಪೀರ್ಮೇಡಿನಲ್ಲಿ ಹುಟ್ಟಿ, 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಬೆಳಕನ್ನು ಅಭ್ಯಾಸ ಮಾಡಿದ ಹೆಣ್ಣುಮಗಳು. ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಅವರಿಗೆ ಪಿಎಚ್.ಡಿ. ಕೊಡಲಿಲ್ಲ. ಅವರು ಹವಾಮಾನ ಇಲಾಖೆ ಸೇರಿ, ಅಳತೆಯ ಉಪಕರಣಗಳನ್ನು ಹೊರದೇಶದಿಂದ ತರಿಸುವ ಬದಲು ಇಲ್ಲೇ ತಯಾರಿಸಲು ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಸಿದ್ಧಪಡಿಸಿದರು. 1976ರಲ್ಲಿ ನಿವೃತ್ತರಾದ ಮೇಲೆ ಬೆಂಗಳೂರಿಗೇ ಬಂದು ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕುಳಿತು ದೇಶದ ಬಿಸಿಲಿನ ಲೆಕ್ಕ ಬರೆದರು. ನಂತರ ಗಾಳಿಯ ಲೆಕ್ಕಕ್ಕೆ ಕೈಹಾಕಿದರು. 1983ರಲ್ಲಿ ಡಿ.ಎ. ಮೂಲೆ ಅವರೊಡನೆ ಭಾರತದ ಗಾಳಿಶಕ್ತಿಯ ಅಂಕಿಅಂಶಗಳ ಸಂಪುಟ ತಂದರು. ಆಮೇಲೆ ಬೆಂಗಳೂರನ್ನೇ ನೆಲೆ ಮಾಡಿಕೊಂಡ ಕ್ಷೇತ್ರ ಘಟಕವೊಂದು ಅವರ ಮುಂದಾಳುತನದಲ್ಲಿ ದೇಶದ ನೂರಾರು ಕಡೆ ಗಾಳಿ ಅಳೆಯಿತು, ಸಂಪುಟಗಳ ಮೇಲೆ ಸಂಪುಟ ಬಂದವು. ಮಳೆ ಬಿಸಿಲು ಲೆಕ್ಕಿಸದೆ ಕಂಬ ಹತ್ತಿ ಅಂಕಿ ತಂದವರ ದುಡಿಮೆ ಅದು. ಇಂದು ಕಂಪ್ಯೂಟರಿನ ಮುಂದೆ ಕುಳಿತು ಗಾಳಿಯ ನಕ್ಷೆ ತೆರೆಯುವ ಯಾರೇ ಆದರೂ ಆ ದುಡಿಮೆಯ ಋಣದಲ್ಲಿದ್ದಾರೆ. ಬೆಂಗಳೂರು ಈ ಹೆಸರನ್ನು ಇನ್ನಷ್ಟು ಗಟ್ಟಿಯಾಗಿ ನೆನೆಯಬೇಕು.

ಆ ಕಾಲದ ಯಂತ್ರಗಳು ಕುಳ್ಳಗಿದ್ದವು. ಅವಕ್ಕೆ ಗಾಳಿ ಬೇಕೆಂದರೆ ಗುಡ್ಡದ ನೆತ್ತಿಯೇ ಬೇಕಿತ್ತು. ಹಾಗಾಗಿ ಚಿತ್ರದುರ್ಗದ ಗುಡ್ಡಸಾಲು, ಗದಗದ ಕಪ್ಪತಗುಡ್ಡ, ನಮ್ಮ ಜಿಲ್ಲೆಯ ಅಂಚಿನ ಅರಸೀಕೆರೆಯ ಬೆಟ್ಟಗಳ ಮೇಲೆ ಫ್ಯಾನುಗಳು ಎದ್ದವು. ಹಳ್ಳಿಯವರ ಬಾಯಲ್ಲಿ ಅವು ಫ್ಯಾನೇ. ಈಗ ಕಂಬಗಳು ಬೆಳೆದಿವೆ, ರೆಕ್ಕೆಗಳು ಚಾಚಿವೆ. ಗದಗ, ಕೊಪ್ಪಳದ ಕಡೆ ಎರೆ ಹೊಲದ ನಡುವೆ, ಜೋಳ ಕಡಲೆಯ ಬೆಳೆಯ ಮೇಲೆ ಅವು ತಿರುಗುತ್ತಿವೆ. ಚೆನ್ನೈನ ರಾಷ್ಟ್ರೀಯ ಪವನಶಕ್ತಿ ಸಂಸ್ಥೆಯ ಅಂದಾಜು ನೋಡಿದರೆ ಎತ್ತರದ ಮಹಿಮೆ ತಿಳಿಯುತ್ತದೆ. 100 ಮೀಟರ್ ಎತ್ತರದಲ್ಲಿ ಲೆಕ್ಕ ಹಾಕಿದರೆ ಕರ್ನಾಟಕದ ಗಾಳಿಯಿಂದ 55 ಗಿಗಾವಾಟ್‌ಗೆ ಮಿಕ್ಕಿದ ಸಾಮರ್ಥ್ಯ. 120 ಮೀಟರಿನಲ್ಲಿ 124. 150 ಮೀಟರಿನಲ್ಲಿ 169. ರಾಜ್ಯದಲ್ಲಿ ಈಗಾಗಲೇ ಸ್ಥಾಪನೆಯಾಗಿರುವುದು 7 ಗಿಗಾವಾಟ್ ದಾಟಿದೆ. 2024–25ರಲ್ಲಿ ಹೊಸ ಗಾಳಿ ವಿದ್ಯುತ್ ಸೇರಿಸಿದ ರಾಜ್ಯಗಳಲ್ಲಿ 1,331 ಮೆಗಾವಾಟ್‌ನೊಂದಿಗೆ ಕರ್ನಾಟಕವೇ ಮೊದಲು. ಹಿಂದೆ ಲೆಕ್ಕಕ್ಕೇ ಬಾರದಿದ್ದ ಬಯಲುಗಳಿಗೂ ಇನ್ನು ಸರದಿ ಬರುತ್ತದೆ, ಹಾಸನದ ಬಯಲಿಗೂ ಬರಬಹುದು. ಬರುವ ಮೊದಲೇ ಊರಿನವರು ಒಂದು ಮಾತು ತಿಳಿದಿರಬೇಕು: ನಕ್ಷೆಯ ಬಣ್ಣ ಬೇರೆ, ಹೊಲದ ಮೇಲಿನ ಗಾಳಿ ಬೇರೆ. ನಕ್ಷೆಗಳು ಚೌಕ ಚೌಕವಾಗಿ ಗಾಳಿಯನ್ನು ಅಂದಾಜು ಮಾಡುತ್ತವೆ. ಒಂದೊಂದು ಚೌಕ ಕಾಲು, ಅರ್ಧ ಕಿಲೋಮೀಟರ್. ಆ ಚೌಕದೊಳಗೆ ಕೊರವಂಗಲದ ಕೆರೆ ಏರಿ, ತೋಪು, ದಿಣ್ಣೆ ಯಾವುದೂ ಕಾಣುವುದಿಲ್ಲ. ಎಲ್ಲಿ ಹುಡುಕಬೇಕು ಎಂದು ನಕ್ಷೆ ಹೇಳೀತು. ಇದೆಯೋ ಇಲ್ಲವೋ ಎಂದು ಹೇಳಬೇಕಾದದ್ದು ಕಂಬ.

ಇಲ್ಲೊಂದು ಕಂಬ ನೆಟ್ಟರೆ ಹೇಗಿರುತ್ತದೆ ಎಂದು ನೋಡೋಣ. ಮೊಳದಗಲದ ಕಬ್ಬಿಣದ ಜಾಲರಿ ಕಂಬ, ಕಿತ್ತಳೆ ಬಿಳಿ ಪಟ್ಟೆ, ನೂರಿಪ್ಪತ್ತು ಮೀಟರ್ ಎತ್ತರ. ಸುತ್ತಲೂ ಉಕ್ಕಿನ ತಂತಿ ಬಿಗಿದು ನಿಲ್ಲಿಸಿರುತ್ತಾರೆ. ಹಕ್ಕಿಗಳ ಕಣ್ಣಿಗೆ ಬೀಳಲೆಂದು ತಂತಿಗೆ ಬಣ್ಣದ ಚೆಂಡು ಕಟ್ಟುತ್ತಾರೆ, ಕಟ್ಟಲೇಬೇಕು. ಬೇರೆ ಬೇರೆ ಎತ್ತರದಲ್ಲಿ ಕಂಬದಿಂದ ಹೊರಚಾಚಿದ ಸರಳುಗಳು. ಕಂಬದ ಮರೆ ಗಾಳಿಯ ಅಳತೆ ಕೆಡಿಸಬಾರದೆಂದು ಈ ದೂರ. ಸರಳಿನ ತುದಿಯಲ್ಲಿ ಗಾಳಿಮಾಪಕ. ಅಂಗೈಯಲ್ಲಿ ಹಿಡಿದು ನೋಡಿದರೆ ತೀರಾ ಸರಳ ವಸ್ತು: ನೆಟ್ಟಗಿನ ಕಡ್ಡಿಯ ಸುತ್ತ ಮೂರು ಪುಟ್ಟ ಬಟ್ಟಲು, ಮೂರೂ ಒಂದೇ ದಿಕ್ಕಿಗೆ ಮುಖ ಮಾಡಿವೆ. ಬಟ್ಟಲಿನ ಬಾಯಿಗೆ ಗಾಳಿ ಹೆಚ್ಚು ಒತ್ತುತ್ತದೆ, ಬೆನ್ನಿಗೆ ಕಡಿಮೆ. ಆ ವ್ಯತ್ಯಾಸಕ್ಕೆ ಅದು ತಿರುಗುತ್ತದೆ. ಉಸಿರು ಊದಿದರೂ ಸಾಕು, ಸದ್ದಿಲ್ಲದೆ ಸುತ್ತುತ್ತದೆ. 1846ರಲ್ಲಿ ಐರ್ಲೆಂಡಿನ ಥಾಮಸ್ ರಾಮ್ನಿ ರಾಬಿನ್ಸನ್ ನಾಲ್ಕು ಬಟ್ಟಲಿನದನ್ನು ಮಾಡಿದ. ಉಪಾಯ ಇಂದಿಗೂ ಅದೇ. ಪಕ್ಕದಲ್ಲಿ ದಿಕ್ಕು ತೋರುವ ಬಾಲ. ಕೆಳಗೆ ಬೀಗ ಹಾಕಿದ ಪೆಟ್ಟಿಗೆಯೊಳಗೆ ಅಂಕಿ ಬರೆದುಕೊಳ್ಳುವ ಯಂತ್ರ, ಪಕ್ಕದಲ್ಲೊಂದು ಸೋಲಾರ್ ಫಲಕ, ಒಳಗೆ ಮೊಬೈಲಿನಂತೆ ಒಂದು ಸಿಮ್. ಹತ್ತು ನಿಮಿಷಕ್ಕೊಂದು ಸರಾಸರಿ. ದಿನಕ್ಕೆ 144, ವರ್ಷಕ್ಕೆ 52,560 ದಾಖಲೆ, ಪ್ರತಿ ಎತ್ತರಕ್ಕೂ.

ಇಷ್ಟೇಕೆ, ಸರಾಸರಿ ಒಂದು ಸಾಲದೇ? ಸಾಲದು. ಎರಡು ಊರು ಎಂದಿಟ್ಟುಕೊಳ್ಳಿ. ಒಂದರಲ್ಲಿ ವರ್ಷವಿಡೀ ಸೆಕೆಂಡಿಗೆ 6 ಮೀಟರ್ ಗಾಳಿ. ಇನ್ನೊಂದರಲ್ಲಿ ಅರ್ಧ ವರ್ಷ 3, ಅರ್ಧ ವರ್ಷ 9. ಸರಾಸರಿ ಎರಡಕ್ಕೂ ಆರೇ. ಆದರೆ ಘನದ ಲೆಕ್ಕ ಹಾಕಿದರೆ ಎರಡನೆಯ ಊರಿನ ಗಾಳಿಯಲ್ಲಿ ಮೊದಲನೆಯದಕ್ಕಿಂತ ಮುಕ್ಕಾಲು ಪಾಲು ಹೆಚ್ಚು ಶಕ್ತಿ. ನಮ್ಮದು ಮುಂಗಾರಿನ ನಾಡು, ಎರಡನೆಯ ಊರಿನ ಜಾತಿ. ದೇಶದ ಗಾಳಿ ವಿದ್ಯುತ್ತಿನ ಮೂರರಲ್ಲಿ ಎರಡು ಪಾಲು ಮೇಯಿಂದ ಸೆಪ್ಟೆಂಬರ್ ಒಳಗೇ ಬರುತ್ತದೆ. ಅದಕ್ಕೇ ಆಷಾಢದಲ್ಲಿ ನಾಲ್ಕು ವಾರ ಅಳೆದು ‘ಇಲ್ಲಿ ಭಾರಿ ಗಾಳಿ’ ಎಂದರೆ ನಂಬಬಾರದು, ಕಾರ್ತಿಕದಲ್ಲಿ ಅಳೆದು ‘ಇಲ್ಲಿ ಗಾಳಿಯೇ ಇಲ್ಲ’ ಎಂದರೂ ನಂಬಬಾರದು.

ವರ್ಷ ತಿರುಗಿದಂತೆ ಕಂಬ ಬರೆದುಕೊಳ್ಳುವ ಕಥೆಯೂ ತಿರುಗುತ್ತದೆ. ಚೈತ್ರ, ವೈಶಾಖದ ಮಧ್ಯಾಹ್ನ ನೆಲ ಕಾದು ಸುಳಿಗಾಳಿ ಏಳುತ್ತದೆ, ಒಣ ಎಲೆ ಧೂಳು ಎತ್ತಿ ಹೊಲದಿಂದ ಹೊಲಕ್ಕೆ ಓಡುತ್ತದೆ. ಸಂಜೆಗೆ ಗುಡುಗು, ಬಾಳೆ ಮಲಗಿಸುವ ಬಿರುಗಾಳಿ. ಯಂತ್ರಕ್ಕೆ ಇದು ಬೇಡದ ಗಾಳಿ, ಮೈಮುರಿಯುವ ಗಾಳಿ. ಸೆಕೆಂಡಿಗೆ 25 ಮೀಟರ್ ಆಸುಪಾಸು ಮುಟ್ಟಿದರೆ ಫ್ಯಾನು ತಾನಾಗಿ ರೆಕ್ಕೆ ಮಡಿಸಿ ನಿಲ್ಲುತ್ತದೆ. ಜ್ಯೇಷ್ಠದಲ್ಲಿ ಪಡುವಣ ಗಾಳಿ ಹಿಡಿಯುತ್ತದೆ, ಆಷಾಢ ಶ್ರಾವಣದಲ್ಲಿ ಹಗಲಿರುಳು ಬಿಡುವಿಲ್ಲ. ರಾತ್ರಿ ಊರಿನಲ್ಲಿ ಎಲೆ ಅಲುಗದಿದ್ದರೂ ಮೇಲೆ ಗಾಳಿ ಓಡುತ್ತಿರುವುದುಂಟು. ನೆಲ ತಣ್ಣಗಾಗಿ ಕೆಳಗಿನ ಗಾಳಿ ನಿಂತಾಗ ಮೇಲಿನದಕ್ಕೆ ತಡೆ ತಪ್ಪುತ್ತದೆ. ಬರಿಗಣ್ಣಿಗೆ ಕಾಣದ ಈ ಇರುಳಿನ ಗಾಳಿಯನ್ನು ಕಂಬ ಕಾಣಬಲ್ಲದು. ಆಶ್ವಯುಜಕ್ಕೆ ಪಡುವಣ ಸುಸ್ತಾಗುತ್ತದೆ, ಬಟ್ಟಲುಗಳು ಗಂಟೆಗಟ್ಟಲೆ ಸುಮ್ಮನಿರುತ್ತವೆ. ಪುಷ್ಯದಲ್ಲಿ ಮೂಡಲ ಗಾಳಿ. ಆಗ ಕೊರವಂಗಲದ ಸುತ್ತಿನ ಕಣಗಳಲ್ಲಿ ರಾಗಿ ತೂರುತ್ತಾರೆ. ಮೊರ ಹಿಡಿದ ಕೈ ತಲೆಯ ಮಟ್ಟಕ್ಕೇರಿ, ಮೆಲ್ಲಗೆ ಅಲುಗಿ, ರಾಗಿ ಕಾಲ ಬುಡಕ್ಕೆ ಬೀಳುತ್ತದೆ, ಹೊಟ್ಟು ಪಡುವಣಕ್ಕೆ ಹಾರುತ್ತದೆ. ಗಾಳಿ ನಿಂತರೆ ಕೈಯೂ ನಿಲ್ಲುತ್ತದೆ. ‘ಗಾಳಿ ಬಂದಾಗ ತೂರಿಕೋ’ ಎಂದ ಜನ ಆ ಹದವಾದ, ಆಳೆತ್ತರದ ಗಾಳಿಯನ್ನು ಅರಿತವರು. ಕಾಳು ಬೇರ್ಪಡಿಸಲು ಅದು ಚೆನ್ನ. ಫ್ಯಾನು ತಿರುಗಿಸಲು ಸಾಲದು.

ವರ್ಷದ ಅಂಕಿ ಕೈಗೆ ಬಂದ ಮೇಲೂ ಕೆಲಸ ಮುಗಿಯದು. ಆ ವರ್ಷ ಮುಂಗಾರು ಜೋರಿತ್ತೇ, ಸೊರಗಿತ್ತೇ? ಉಪಗ್ರಹ ಮತ್ತು ಹವಾಮಾನ ಕೇಂದ್ರಗಳ ಇಪ್ಪತ್ತು ಮೂವತ್ತು ವರ್ಷಗಳ ದಾಖಲೆಯೊಡನೆ ಅದನ್ನು ಹೊಂದಿಸಿ ನೋಡಬೇಕು. ಸಾಲ ಕೊಡುವ ಬ್ಯಾಂಕು ಕೇಳುವುದು ಸರಾಸರಿ ವರ್ಷದ ಆದಾಯವನ್ನಲ್ಲ; ಹತ್ತು ವರ್ಷದಲ್ಲಿ ಒಂಬತ್ತು ವರ್ಷವಾದರೂ ತಪ್ಪದೆ ಬರುವ ಕನಿಷ್ಠ ಎಷ್ಟು ಎಂಬುದನ್ನು. ರೈತರು ಹಂಗಾಮಿನ ಲೆಕ್ಕ ಹಾಕುವುದೂ ಹೀಗೆಯೇ.

ಇನ್ನು ನೆಲದ ಮಾತು. ಜಾಗ ಗೊತ್ತುಮಾಡುವವರು ಗಾಳಿ ನೋಡಿದಷ್ಟೇ ಕೆಳಗಡೆಯನ್ನೂ ನೋಡಬೇಕು; ನಮ್ಮಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಇಲ್ಲಿಯೇ. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯಂತೆ, ಸದ್ದಿನ ಕಾಟ ತಪ್ಪಿಸಲು, ಫ್ಯಾನು ವಾಸದ ಮನೆಯಿಂದ ಕನಿಷ್ಠ 500 ಮೀಟರ್ ದೂರವಿರಬೇಕು. ತೋಟದ ಮನೆ ಒಂದಿದ್ದರೆ ಅದರ ಸುತ್ತ 194 ಎಕರೆ ಕೈಬಿಟ್ಟಂತೆ. ಹಾಸನದ ಸೀಮೆಯಲ್ಲಿ ಊರಿಗೊಂದು ಕೊಪ್ಪಲು, ಹೊಲಕ್ಕೊಂದು ಮನೆ. ರಸ್ತೆ, ರೈಲುಹಳಿಗಳಿಂದ ಇರಬೇಕಾದ ದೂರ, ಫ್ಯಾನಿನ ಕಂಬದ ಎತ್ತರಕ್ಕೆ ರೆಕ್ಕೆಚಕ್ರದ ಅರ್ಧ ಅಗಲ ಸೇರಿಸಿ, ಮೇಲೆ 5 ಮೀಟರ್. 120 ಮೀಟರ್ ಕಂಬ, 140 ಮೀಟರ್ ಅಗಲದ ಚಕ್ರವಾದರೆ 195 ಮೀಟರ್. ಅಂಥ ಚಕ್ರ ಒಂದು ಸುತ್ತಿಗೆ ನಾಲ್ಕು ಎಕರೆಗೆ ತುಸು ಕಡಿಮೆ ಗಾಳಿಯನ್ನು ಬಾಚುತ್ತದೆ. ಒಂದರ ಬೆನ್ನಿಗೆ ಇನ್ನೊಂದನ್ನು ನಿಲ್ಲಿಸಿದರೆ ಮುಂದಿನದು ಎಬ್ಬಿಸಿದ ಕಲಕು ಗಾಳಿ ಹಿಂದಿನದಕ್ಕೆ ಸಿಗುತ್ತದೆ. ಹಾಗಾಗಿ ಗಾಳಿಯ ಜಾಡಿನಲ್ಲಿ ಎರಡರ ನಡುವೆ ಮುಕ್ಕಾಲರಿಂದ ಒಂದು ಕಿಲೋಮೀಟರ್ ಬಿಡುತ್ತಾರೆ. ಇಷ್ಟೆಲ್ಲ ಗೆರೆ ಎಳೆದ ಮೇಲೆ ಊರಿನ ನಕ್ಷೆಯಲ್ಲಿ ಉಳಿಯುವುದು ಒಂದೆರಡು ಚುಕ್ಕೆ.

ಆ ಚುಕ್ಕೆಗೂ ಅಡ್ಡಿಗಳಿವೆ. ಬೂಚೇಶ್ವರ ರಾಷ್ಟ್ರೀಯ ಸ್ಮಾರಕ. ಕಾನೂನಿನಂತೆ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ನನ್ನ ಮಟ್ಟಿಗೆ ಮುನ್ನೂರು ಮೀಟರ್ ಏನೂ ಸಾಲದು. ರೆಕ್ಕೆಯ ತುದಿ 190 ಮೀಟರಿಗೇರುವ ಯಂತ್ರವನ್ನು ಗುಡಿಯ ಹಿಂಬದಿಯ ಆಕಾಶದಲ್ಲಿ ನಿಲ್ಲಿಸುವುದು ಎಂಟೂವರೆ ಶತಮಾನ ನಿಂತ ಕಲ್ಲಿಗೆ ಮಾಡುವ ಅಪಚಾರ. ಗುಡಿಯ ಅಂಗಳದಿಂದ ಕಾಣುವ ದಿಗಂತವನ್ನು ಯೋಜನೆಯ ಹೊರಗಿಡಬೇಕು. ಹಾಸನದಲ್ಲಿ 1982ರಿಂದ ಉಪಗ್ರಹಗಳೊಡನೆ ಮಾತಾಡುತ್ತಿರುವ ಇಸ್ರೋ ನಿಯಂತ್ರಣ ಕೇಂದ್ರವಿದೆ, ಬೂವನಹಳ್ಳಿಯ ವಿಮಾನ ನಿಲ್ದಾಣದ ಯೋಜನೆಯಿದೆ. ಅವರನ್ನೂ ಕೇಳಿ ಮುಂದಡಿ ಇಡಬೇಕು.

ಅಮೃತಮಹಲ್ ಕಾವಲುಗಳ ವಿಷಯದಲ್ಲಿ ನನಗೆ ಹೆಚ್ಚಿನ ಆತಂಕ. ಹಾಸನ, ತುಮಕೂರು, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಉಳಿದಿರುವ ಆ ಹುಲ್ಲುಗಾವಲುಗಳು ಯೋಜಕರ ಕಣ್ಣಿಗೆ ಖಾಲಿ ಜಾಗ: ಮನೆಯಿಲ್ಲ, ಮರವಿಲ್ಲ, ಗಾಳಿಗೆ ತಡೆಯಿಲ್ಲ. ಆದರೆ ಅಲ್ಲಿ ತೋಳವಿದೆ, ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಬಂದು ಹುಲ್ಲಿನ ಮೇಲೆ ತಗ್ಗಿ ಹಾರುವ ‘ಸೆಳೆವ’ ಎಂಬ ಬೇಟೆಹಕ್ಕಿಗಳಿವೆ, ತಲೆಮಾರುಗಳಿಂದ ದನ ಮೇಯಿಸಿದವರ ಹಕ್ಕಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಥೇಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದ ಸಾತಾರಾ ಬಳಿಯ ಚಾಳ್ಕೇವಾಡಿ ಪ್ರಸ್ಥಭೂಮಿಯಲ್ಲಿ ಮಾಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫ್ಯಾನುಗಳಿರುವ ಕಡೆ ಬೇಟೆಹಕ್ಕಿಗಳು ಇಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆ ಇದ್ದವು, ಹಿಡಿಯುವವರಿಲ್ಲದೆ ಹಲ್ಲಿಗಳು ಹೆಚ್ಚಿದ್ದವು. ಗಾಳಿ ವಿದ್ಯುತ್ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಪೂರ್ವಾನುಮತಿ ಬೇಕಿಲ್ಲ. ಕಾನೂನು ಕೇಳದಿದ್ದರೂ ಈ ಲೆಕ್ಕವನ್ನು ನಾವು ಕೇಳಬೇಕು. ಒಂದು ವರ್ಷ ಗಾಳಿ ಅಳೆಯುವವರು ಅದೇ ಒಂದು ವರ್ಷ ಹಕ್ಕಿಯನ್ನೂ ಎಣಿಸಲಿ, ಕಂಬ ಹೇಗೂ ಅಲ್ಲೇ ನಿಂತಿರುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ನಾನು ಗಾಳಿ ವಿದ್ಯುತ್ತಿಗೆ ಎದುರಲ್ಲ. ಕಲ್ಲಿದ್ದಲು ಸುಡದೆ, ಊರು ಮುಳುಗಿಸದೆ ಬರುವ ಕರೆಂಟು ಇದು. ಜೊತೆಗೆ, ಶರಾವತಿ ಜಲಾಶಯ ತುಂಬುತ್ತಿರುವ ತಿಂಗಳುಗಳಲ್ಲೇ ಗಾಳಿಯೂ ಬೀಸುತ್ತದೆ; ಆಗ ಗಾಳಿಯಿಂದ ನಡೆಸಿ ನೀರನ್ನು ಬೇಸಿಗೆಗೆ ಉಳಿಸಿಕೊಳ್ಳಬಹುದು. ಇಂಥ ಒಳ್ಳೆಯ ಕೆಲಸ ಅವಸರದಲ್ಲಿ ಕೆಡಬಾರದು.

ಆದ್ದರಿಂದ ಕೊರವಂಗಲದವರಿಗೂ ಸುತ್ತಲ ಹಳ್ಳಿಗಳವರಿಗೂ ಒಂದು ಮನವಿ. ನಾಳೆ ಯಾರಾದರೂ ಪಹಣಿ ಕೇಳಿಕೊಂಡು ಬಂದು, ವರ್ಷಕ್ಕೆ ಇಷ್ಟು ಬಾಡಿಗೆ ಎಂದು ಕರಾರುಪತ್ರ ಮುಂದಿಟ್ಟರೆ ಅಂದೇ ರುಜು ಹಾಕಬೇಡಿ. ಗಾಳಿಯನ್ನು ಎಷ್ಟು ಎತ್ತರದಲ್ಲಿ, ಎಷ್ಟು ತಿಂಗಳು, ನಮ್ಮೂರಿನಲ್ಲೇ ಅಳೆದಿರಾ ಎಂದು ಕೇಳಿ. ಎಪ್ಪತ್ತು ಮೀಟರಿನ ರೆಕ್ಕೆ ಹೊತ್ತ ಲಾರಿ ತಿರುಗಲು ಎಷ್ಟು ತೆಂಗು ಕಡಿಯುತ್ತೀರಿ, ಕರೆಂಟಿನ ಲೈನು ಯಾರ ಹೊಲದ ಮೇಲೆ ಹೋಗುತ್ತದೆ, ಲೈನು ಹೋದವರಿಗೆ ಕೊಡುವುದೇನು ಎಂದು ಕೇಳಿ. ಇಪ್ಪತ್ತು ಇಪ್ಪತ್ತೈದು ವರ್ಷ ಕಳೆದು ಯಂತ್ರದ ಆಯಸ್ಸು ಮುಗಿದಾಗ ಕಂಬ ಇಳಿಸಿ, ನೆಲದೊಳಗಿನ ಕಾಂಕ್ರೀಟು ತೆಗೆದು, ಹೊಲವನ್ನು ಉಳುವ ಹಾಗೆ ಮಾಡಿಕೊಡುವ ಹೊಣೆ ಯಾರದು ಎಂಬುದು ಕನ್ನಡದಲ್ಲಿ, ಕರಾರಿನೊಳಗೇ ಬರೆದಿರಲಿ. ಅಳತೆಯ ವರದಿಯನ್ನು ಗ್ರಾಮಸಭೆಯಲ್ಲಿ ಓದಿಸಿ, ಆಮೇಲೆ ಒಪ್ಪುವುದೋ ಬಿಡುವುದೋ ಊರೇ ಕೂತು ತೀರ್ಮಾನಿಸಲಿ.